ನಿದ್ದೆಗೆ ಅಂತ ಡಾಕ್ಟರ್ ಕೊಟ್ಟ ಮಾತ್ರೆ, ಗೂಗಲ್ ಮಾಡಿದ್ರೆ ‘ಡಿಪ್ರೆಶನ್ ಮಾತ್ರೆ’!

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಸಂಚಿಕೆ ಒಂದು ಮಾತ್ರೆಯ ಬಗ್ಗೆ. ಸರಿಯಾಗಿ ಹೇಳಬೇಕು ಅಂದ್ರೆ ಅರ್ಧ ಮಾತ್ರೆಯ ಬಗ್ಗೆ. ಆ ಅರ್ಧವನ್ನು ನಾನೇ ಕೈಯಾರೆ ಮುರಿದು ನಮ್ಮಪ್ಪನಿಗೆ ಕೊಟ್ಟಿದ್ದೆ. ಆ ಕಥೆಗೆ ಆಮೇಲೆ ಬರ್ತೀನಿ. ಅದಕ್ಕೂ ಮೊದಲು ಆ ಮಾತ್ರೆ ನನ್ನ ಕೈಗೆ ಹೇಗೆ ಬಂತು ಅಂತ ಹೇಳಿಬಿಡ್ತೀನಿ.

ಕೆಲಸ ಬದಲಾಯಿಸಿದ ವರ್ಷ ಅದು. ರಾತ್ರಿ ಹತ್ತೂವರೆಗೇ ಹಾಸಿಗೆ ಸೇರ್ತಿದ್ದೆ. ನಿದ್ದೆ ಬರೋಕೆ ಹನ್ನೆರಡೂವರೆ ಆಗ್ತಿತ್ತು. ಬಂದ ನಿದ್ದೆಯೂ ಮೂರು ಗಂಟೆಗೆಲ್ಲ ಹೋಗಿಬಿಡೋದು. ಆಮೇಲೆ ಸೀಲಿಂಗ್ ಫ್ಯಾನ್ ನೋಡ್ತಾ, ಮಧ್ಯೆ ಮಧ್ಯೆ ಫೋನ್ ನೋಡ್ತಾ, ‘ಇನ್ನು ಮೂರು ಗಂಟೆ ಮಲಗಿದ್ರೂ ಸಾಕು, ಇನ್ನು ಎರಡು ಗಂಟೆ ಮಲಗಿದ್ರೂ ಸಾಕು’ ಅಂತ ಲೆಕ್ಕ ಹಾಕ್ತಾ ಬೆಳಗು ಮಾಡ್ತಿದ್ದೆ. ಒಂದೆರಡು ವಾರ ಎಲ್ಲರಿಗೂ ಹೀಗಾಗುತ್ತೆ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಅದು ಮೂರು ತಿಂಗಳು ದಾಟಿ, ಹಗಲಿನ ಕೆಲಸಕ್ಕೂ ಏಟು ಬಿದ್ರೆ ಮಾತ್ರ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅಂತಾರೆ. ನಂದು ಐದು ತಿಂಗಳಾಗಿತ್ತು.

ಇಲ್ಲೇ ಇನ್ನೊಂದು ಮಾತು. ರಾತ್ರಿ ಮೂರರ ತನಕ ರೀಲ್ಸ್ ನೋಡಿ ಮಲಗಿ, ರಜೆ ಇದ್ದ ದಿನ ಹನ್ನೊಂದರ ತನಕ ಗಡದ್ದಾಗಿ ನಿದ್ದೆ ಮಾಡ್ತೀರಿ ಅಂದ್ರೆ ಅದು ನಿದ್ರಾಹೀನತೆ ಅಲ್ಲ. ನಿಮಗೆ ನಿದ್ದೆ ಇದೆ, ಅದರ ಟೈಮ್ ಸರಿ ಇಲ್ಲ ಅಷ್ಟೇ. ನೈಟ್ ಶಿಫ್ಟ್‌ನವರ ಸಮಸ್ಯೆಯೂ ಬೇರೆಯೇ. ಇವತ್ತಿನ ಮಾತು, ಮಲಗೋಕೆ ಸಮಯ, ಜಾಗ, ಮನಸ್ಸು ಎಲ್ಲ ಇದ್ದೂ ನಿದ್ದೆ ಮಾತ್ರ ಬರದವರ ಬಗ್ಗೆ.

ಡಾಕ್ಟರ್ ಹತ್ರ ಹೋದೆ. ಗೊರಕೆ ಹೊಡೀತೀರಾ, ಬೇರೆ ಯಾವ ಮಾತ್ರೆ ತಗೋತೀರಾ, ಮನಸ್ಸು ಹೇಗಿದೆ, ಹಿಂದೆ ಯಾವತ್ತಾದ್ರೂ ದಿನಗಟ್ಟಲೆ ನಿದ್ದೆಯೇ ಬೇಡ ಅನ್ನೋಷ್ಟು ಉತ್ಸಾಹ ಬಂದಿತ್ತಾ ಅಂತೆಲ್ಲ ಕೇಳಿದ್ರು. ಕೊನೆಗೆ ಚೀಟಿಯಲ್ಲಿ ‘ಟ್ರಾಜೊಡೋನ್ 50, ಅರ್ಧ ಮಾತ್ರೆ, ರಾತ್ರಿ, 2 ವಾರ’ ಅಂತ ಬರೆದು ಕೊಟ್ರು. ಆಟೋದಲ್ಲಿ ಕೂತು ಗೂಗಲ್ ಮಾಡಿದೆ. ಮೊದಲ ಸಾಲಿನಲ್ಲೇ ಇತ್ತು, ಇದು ಆಂಟಿಡಿಪ್ರೆಸೆಂಟ್. ಖಿನ್ನತೆಯ ಮಾತ್ರೆ.

ಎದೆ ಧಸಕ್ ಅಂತು. ನನಗೆ ಡಿಪ್ರೆಶನ್ ಇದೆಯಾ? ಇದೆ ಅಂತ ಗೊತ್ತಾಗಿ ಡಾಕ್ಟರ್ ನನಗೆ ಹೇಳಲಿಲ್ವಾ? ಅವರು ಹೇಳಿರಲೂಬಹುದು. ಐದು ತಿಂಗಳು ನಿದ್ದೆಗೆಟ್ಟ ತಲೆಗೆ ಏನು ತಾನೇ ನಾಟುತ್ತೆ. ಈ ಸಂಚಿಕೆ ಮಾಡೋಣ ಅಂತ ನಾನು ಹೊರಟಾಗ ನಮ್ಮ ತಂಡದಲ್ಲೇ ಇಬ್ಬರು ‘ನನಗೂ ಹೀಗೇ ಆಗಿತ್ತು’ ಅಂದ್ರು. ಒಬ್ಬನಂತೂ ಗೂಗಲ್ ನೋಡಿದ ದಿನವೇ ಮಾತ್ರೆ ಕಸದ ಬುಟ್ಟಿಗೆ ಹಾಕಿದ್ದನಂತೆ.

ಹಾಗಾದ್ರೆ ಖಿನ್ನತೆಯ ಮಾತ್ರೆಗೂ ನಿದ್ದೆಗೂ ಏನು ಸಂಬಂಧ?

ಟ್ರಾಜೊಡೋನ್ ಹುಟ್ಟಿದ್ದು 1960ರ ದಶಕದಲ್ಲಿ, ಇಟಲಿಯ ಆಂಜೆಲಿನಿ ಅನ್ನೋ ಔಷಧ ಕಂಪನಿಯ ಲ್ಯಾಬ್‌ನಲ್ಲಿ. ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಸಿಕ್ಕಿದ್ದು ಖಿನ್ನತೆಗೆ ಮಾತ್ರ, ನಿದ್ದೆಗಲ್ಲ. ಆದರೆ ಇದನ್ನು ತಗೊಂಡವರು ಒಂದೇ ಸಮನೆ ‘ಕಣ್ಣು ಎಳೀತಿದೆ’ ಅಂತಿದ್ರು. ಖಿನ್ನತೆಗೆ ಕೊಡುವಾಗ ಅದೊಂದು ಅಡ್ಡಪರಿಣಾಮ, ಅಂದ್ರೆ ಕಿರಿಕಿರಿ. ನಿದ್ದೆ ಬಾರದವರಿಗೆ ಅದೇ ಬೇಕಾಗಿರೋದು! ಹಾಗಾಗಿ ವೈದ್ಯರು ಡೋಸ್ ಇಳಿಸಿ ನಿದ್ದೆಗೇ ಕೊಡೋಕೆ ಶುರು ಮಾಡಿದ್ರು. ಔಷಧಕ್ಕೆ ಯಾವ ಕಾಯಿಲೆಯ ಹೆಸರಿನಲ್ಲಿ ಒಪ್ಪಿಗೆ ಇದೆಯೋ ಅದನ್ನು ಬಿಟ್ಟು ಇನ್ನೊಂದಕ್ಕೆ ಬಳಸೋದು ವೈದ್ಯಕೀಯದಲ್ಲಿ ಮಾಮೂಲು. ಕಾನೂನುಬಾಹಿರ ಅಲ್ಲ, ಮೋಸವೂ ಅಲ್ಲ. ಆದರೆ ಆ ಇನ್ನೊಂದು ಕಾಯಿಲೆಗೆ ಇದು ಎಷ್ಟು ಕೆಲಸ ಮಾಡುತ್ತೆ ಅನ್ನೋದನ್ನು ಸರ್ಕಾರದ ಮುಂದೆ ಯಾರೂ ಸಾಬೀತು ಮಾಡಿರೋದಿಲ್ಲ ಅನ್ನೋದೂ ಅಷ್ಟೇ ನಿಜ.

ಡೋಸ್‌ನಲ್ಲೇ ಗುಟ್ಟು ಇದೆ. ಖಿನ್ನತೆಗೆ ಟ್ರಾಜೊಡೋನ್ ಸಾಮಾನ್ಯವಾಗಿ ದಿನಕ್ಕೆ 150 ಮಿಲಿಗ್ರಾಂನಿಂದ ಶುರುವಾಗಿ 400ರ ತನಕ ಹೋಗುತ್ತೆ. ನಿದ್ದೆಗೆ ಕೊಡೋದು 25ರಿಂದ 100. ಇಷ್ಟು ಕಡಿಮೆ ಡೋಸ್‌ನಲ್ಲಿ ಅದು ಖಿನ್ನತೆ ಗುಣಪಡಿಸೋ ಕೆಲಸವನ್ನು ಹೆಚ್ಚುಕಡಿಮೆ ಮಾಡೋದೇ ಇಲ್ಲ. ನಮ್ಮ ಮಿದುಳಿನಲ್ಲಿ ಮೂರು ಸ್ವಿಚ್ ಇವೆ ಅಂದ್ಕೊಳ್ಳಿ, ಮೂರೂ ನಮ್ಮನ್ನು ಎಚ್ಚರ ಇಡೋವು. ಈ ಮಾತ್ರೆ ಮೂರನ್ನೂ ಆಫ್ ಮಾಡೋಕೆ ಹೋಗುತ್ತೆ.

ಮೊದಲನೇದು ಹಿಸ್ಟಮಿನ್. ನೆಗಡಿ ಮಾತ್ರೆ ನುಂಗಿ ಆಫೀಸಿಗೆ ಹೋಗಿ ಮೀಟಿಂಗ್‌ನಲ್ಲಿ ತೂಕಡಿಸಿದ್ದೀರಲ್ಲ, ಅದು ಇದರದ್ದೇ ಕೆಲಸ. ಮೂಗಿನಲ್ಲಿ ಹಿಸ್ಟಮಿನ್ ಸೀನು ತರಿಸುತ್ತೆ, ಮಿದುಳಿನಲ್ಲಿ ಎಚ್ಚರ ತರಿಸುತ್ತೆ. ಎರಡನೇದು ಸೆರೊಟೋನಿನ್‌ನ ಒಂದು ಬಗೆಯ ಗ್ರಾಹಕ. ಅದನ್ನು ತಡೆದರೆ ಗಾಢನಿದ್ದೆಗೆ ಅನುಕೂಲ. ಮೂರನೇದು ಆಲ್ಫಾ-1 ಅನ್ನೋ ಗ್ರಾಹಕ. ಇದು ಮಿದುಳಿನಲ್ಲಿ ಮಾತ್ರ ಇಲ್ಲ, ರಕ್ತನಾಳಗಳ ಗೋಡೆಯಲ್ಲೂ ಇದೆ. ನೀವು ಮಲಗಿದ್ದವರು ತಟ್ಟನೆ ಎದ್ದು ನಿಂತಾಗ ರಕ್ತವೆಲ್ಲ ಕಾಲಿಗೆ ಇಳೀಬೇಕು ತಾನೆ? ಇಳಿಯೋದಿಲ್ಲ. ಯಾಕಂದ್ರೆ ಆ ಕ್ಷಣದಲ್ಲೇ ದೇಹ ಈ ಗ್ರಾಹಕದ ಮೂಲಕ ರಕ್ತನಾಳಗಳನ್ನು ಬಿಗಿ ಮಾಡಿ ತಲೆಗೆ ರಕ್ತ ಹೋಗೋ ಹಾಗೆ ನೋಡ್ಕೊಳ್ಳುತ್ತೆ. ಟ್ರಾಜೊಡೋನ್ ಆ ಬಿಗಿಯನ್ನು ಸಡಿಲ ಮಾಡುತ್ತೆ.

ಈ ಮೂರನೇ ಸ್ವಿಚ್ ನೆನಪಿಟ್ಕೊಳ್ಳಿ. ನಮ್ಮಪ್ಪನ ಕಥೆ ಶುರುವಾಗೋದು ಇಲ್ಲಿಂದಲೇ.

ನನಗೆ ಮಾತ್ರೆ ಕೆಲಸ ಮಾಡ್ತು. ಮೊದಲ ವಾರ ಅಂತೂ ಹಬ್ಬ. ಬೆಳಗ್ಗೆ ಬಾಯಿ ಒಣಗಿರೋದು, ಎಂಟು ಗಂಟೆ ತನಕ ತಲೆ ಮಂಕು, ಆದರೆ ನಿದ್ದೆ ಬಂತಲ್ಲ. ಎರಡು ವಾರ ಆದ ಮೇಲೆ ಡಾಕ್ಟರ್ ಹತ್ರ ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ. ಹಳೇ ಚೀಟಿಯ ಫೋಟೊ ತೋರಿಸಿದ್ರೆ ಮೆಡಿಕಲ್ ಶಾಪ್‌ನಲ್ಲಿ ಸ್ಟ್ರಿಪ್ ಕೊಡ್ತಿದ್ರು, ಕೆಲವು ಸಲ ಫೋಟೊನೂ ಕೇಳ್ತಿರಲಿಲ್ಲ. ಇದು ಶೆಡ್ಯೂಲ್ ಎಚ್ ಔಷಧ, ಚೀಟಿ ಇಲ್ಲದೆ ಮಾರೋ ಹಾಗಿಲ್ಲ ಅಂತ ಸ್ಟ್ರಿಪ್ ಮೇಲೇ ಅಚ್ಚಾಗಿರುತ್ತೆ. ನಾನೂ ಓದಲಿಲ್ಲ, ಕೊಟ್ಟವರೂ ಓದಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೀತು. ಯುಗಾದಿಗೆ ಊರಿಗೆ ಹೋದೆ. ನಮ್ಮೂರು ಹಾಸನದ ಹತ್ರ. ಊಟ ಆದ ಮೇಲೆ ನಾನು ಮಾತ್ರೆ ನುಂಗೋದನ್ನು ಅಪ್ಪ ನೋಡಿದ್ರು. ‘ಏನು ಪುಟ್ಟಿ ಅದು?’ ಅಂದ್ರು. ನಿದ್ದೆಗೆ ಅಂದೆ. ‘ನಂಗೂ ಅದೇ ಕಾಟ ಕಣಮ್ಮ. ರಾತ್ರಿ ಮೂರ್ನಾಲ್ಕು ಸಲ ಎಚ್ಚರ ಆಗುತ್ತೆ. ನಿನ್ನದು ಒಂದು ಕೊಡು ನೋಡೋಣ’ ಅಂದ್ರು. ಪೂರ್ತಿ ಬೇಡ ಅಂತ ನಾನೇ ಬುದ್ಧಿವಂತಿಕೆ ಮಾಡಿದೆ. ಉಳಿದ ಅರ್ಧ ಕೊಟ್ಟೆ. ಅರ್ಧ ತಾನೆ, ಸಣ್ಣ ಡೋಸ್ ತಾನೆ, ಇದೇನು ನಿದ್ದೆಗುಳಿಗೆಯ ಥರ ಚಟ ಹಿಡಿಸೋದೂ ಅಲ್ವಲ್ಲ ಅನ್ನೋದು ನನ್ನ ಲೆಕ್ಕ.

ರಾತ್ರಿ ಒಂದೂವರೆ ಇರಬೇಕು. ಬಚ್ಚಲ ಮನೆ ಕಡೆಯಿಂದ ಧಡ್ ಅಂತ ಸದ್ದಾಯ್ತು. ಅಮ್ಮ ಕೂಗಿಕೊಂಡ್ರು. ಅಪ್ಪ ವಾಶ್‌ಬೇಸಿನ್ ಪಕ್ಕ ನೆಲದ ಮೇಲಿದ್ರು, ಹುಬ್ಬಿನ ಮೇಲೆ ಒಡೆದು ರಕ್ತ. ಮೂತ್ರಕ್ಕೆ ಅಂತ ಎದ್ದು ನಾಲ್ಕು ಹೆಜ್ಜೆ ನಡೆದಿದ್ದಾರೆ, ಕಣ್ಣು ಕತ್ತಲೆ ಬಂದಿದೆ, ಅಷ್ಟೇ ನೆನಪು ಅವರಿಗೆ.

ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯ ಹುಡುಗಿ, ನನ್ನ ವಯಸ್ಸಿನವರೇ ಇರಬೇಕು, ಹೊಲಿಗೆ ಹಾಕೋಕೆ ಮುಂಚೆ ಮಲಗಿಸಿ ಬಿಪಿ ನೋಡಿದ್ರು. ಮೇಲಿನ ಅಂಕಿ 128. ನಿಧಾನಕ್ಕೆ ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದ್ರು. 94. ‘ಇವರು ಏನೇನು ಮಾತ್ರೆ ತಗೋತಾರೆ?’ ಬಿಪಿ ಮಾತ್ರೆ ಅಂತ ಅಮ್ಮ ಹೇಳಿದ್ರು. ಪ್ರಾಸ್ಟೇಟ್‌ಗೂ ಒಂದು, ಟ್ಯಾಮ್ಸುಲೋಸಿನ್ ಅಂತ, ರಾತ್ರಿ ತಗೋತಾರೆ. ‘ಇವತ್ತು ಹೊಸದು ಏನಾದ್ರೂ?’ ನಾನು ಹೇಳಿದೆ. ‘ಯಾರು ಕೊಟ್ರು ಇದನ್ನ?’ ಅಂದ್ರು.

ನಾನೇ ಅಂದೆ.

ಅವರು ಬೈಯಲಿಲ್ಲ. ಹೊಲಿಗೆ ಹಾಕ್ತಾ ಹಾಕ್ತಾ ವಿವರಿಸಿದ್ರು. ಪ್ರಾಸ್ಟೇಟ್ ಮಾತ್ರೆ ಕೆಲಸ ಮಾಡೋದೂ ಅದೇ ಆಲ್ಫಾ-1 ಗ್ರಾಹಕದ ಮೇಲೆ. ಬಿಪಿ ಮಾತ್ರೆ ಬೇರೆ ದಾರಿಯಲ್ಲಿ ರಕ್ತದೊತ್ತಡ ಇಳಿಸುತ್ತೆ. ವಯಸ್ಸಾದ ದೇಹ ಎದ್ದು ನಿಂತಾಗ ಸರಿದೂಗಿಸಿಕೊಳ್ಳೋದು ಮೊದಲೇ ನಿಧಾನ. ಇವೆಲ್ಲದರ ಮೇಲೆ ನನ್ನ ಅರ್ಧ ಮಾತ್ರೆ. ನನ್ನ ದೇಹದಲ್ಲಿ ಬರೀ ಬಾಯಿ ಒಣಗಿಸಿದ 25 ಮಿಲಿಗ್ರಾಂ, ಅಪ್ಪನನ್ನು ನೆಲಕ್ಕೆ ಬೀಳಿಸ್ತು. ಐದು ಹೊಲಿಗೆಗೆ ಮುಗೀತು ಅಂತ ಸಮಾಧಾನ ಪಡಬೇಕು. ಅರವತ್ತಾರು ವರ್ಷದವರು ಬಿದ್ರೆ ಸೊಂಟದ ಮೂಳೆ ಮುರಿಯೋದು ಎಷ್ಟು ಸುಲಭ ಅಂತ ನಿಮಗೆ ಹೇಳಬೇಕಾಗಿಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಈ ಮಾತ್ರೆಯ ಬಗ್ಗೆ ಓದೋಕೆ ಕೂತೆ. ನಾಲ್ಕು ತಿಂಗಳು ಲೇಟಾಗಿ.

ವೈದ್ಯರು ಇದನ್ನು ಯಾಕಿಷ್ಟು ಬರೀತಾರೆ ಅನ್ನೋದಕ್ಕೆ ಉತ್ತರ, ಹಳೇ ನಿದ್ದೆಮಾತ್ರೆಗಳ ಮೇಲಿನ ಭಯ. ಆಲ್ಪ್ರಜೋಲಾಮ್, ಡಯಾಜೆಪಾಮ್ ಥರದವು ಬೇಗ ನಿದ್ದೆ ತರಿಸುತ್ತವೆ, ಆದರೆ ದೇಹಕ್ಕೆ ಅಭ್ಯಾಸ ಆಗಿಬಿಡುತ್ತೆ, ಬಿಡೋಕೆ ಹೋದ್ರೆ ಒದ್ದಾಟ. ನಮ್ಮ ದೇಶದಲ್ಲಿ ಇವೆರಡೂ, ಜೊತೆಗೆ ಜೋಲ್ಪಿಡೆಮ್ ಕೂಡ, ಇನ್ನೂ ಬಿಗಿಯಾದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಮಾರಿದ್ದನ್ನೆಲ್ಲ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಕೋಬೇಕು. ಅವುಗಳ ಮುಂದೆ ಟ್ರಾಜೊಡೋನ್ ಸಾಧು ಪ್ರಾಣಿ ಥರ ಕಾಣುತ್ತೆ. ಅಷ್ಟು ಚಟ ಹಿಡಿಸೋದಿಲ್ಲ ಅನ್ನೋದು ನಿಜ ಕೂಡ.

ಆದರೆ ಕೆಲಸ ಎಷ್ಟು ಮಾಡುತ್ತೆ? ಇಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಇಷ್ಟು ವರ್ಷದಿಂದ ಇಷ್ಟೊಂದು ಜನ ತಗೊಳ್ಳೋ ಮಾತ್ರೆಗೆ ಪುರಾವೆ ರಾಶಿ ಬಿದ್ದಿರಬೇಕು ಅಂದ್ಕೊಂಡಿದ್ದೆ. ಕಾಕ್ರೇನ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ, ನಡೆದ ಸಂಶೋಧನೆಗಳನ್ನೆಲ್ಲ ಗುಡ್ಡೆ ಹಾಕಿ ಜರಡಿ ಹಿಡಿಯೋದೇ ಅದರ ಕೆಲಸ, 2018ರಲ್ಲಿ ಇದೇ ಪ್ರಶ್ನೆ ಕೈಗೆತ್ತಿಕೊಂಡಿತ್ತು. ಖಿನ್ನತೆಯ ಎಲ್ಲ ಮಾತ್ರೆಗಳನ್ನೂ ಸೇರಿಸಿ ಅವರಿಗೆ ಸಿಕ್ಕಿದ್ದು 23 ಅಧ್ಯಯನ, ಎಲ್ಲ ಸೇರಿ 2,806 ಜನ. ಡಾಕ್ಸೆಪಿನ್ ಮತ್ತು ಟ್ರಾಜೊಡೋನ್‌ನಿಂದ ಸ್ವಲ್ಪ ದಿನದ ಮಟ್ಟಿಗೆ ಸಣ್ಣ ಪ್ರಯೋಜನ ಇರಬಹುದು ಅಂದ್ರು. ದೀರ್ಘಕಾಲದ ಬಳಕೆಗೆ ಆಧಾರ ಇಲ್ಲ ಅಂದ್ರು.

ಅದಕ್ಕೂ ಒಂದು ವರ್ಷ ಮುಂಚೆ, 2017ರಲ್ಲಿ, ಅಮೆರಿಕದ ನಿದ್ರಾ ವೈದ್ಯರ ಸಂಘ ತನ್ನ ಮಾರ್ಗಸೂಚಿ ಹೊರಡಿಸಿತ್ತು. ಅದರಲ್ಲಿ ಟ್ರಾಜೊಡೋನ್‌ಗೆ ‘ಬೇಡ’ ಅನ್ನೋ ಸಲಹೆ ಇದೆ. ಇದಕ್ಕೆ ಆಧಾರ 1998ರ ಒಂದು ಅಧ್ಯಯನ. ಮೂರು ಗುಂಪು, ಮುನ್ನೂರು ಚಿಲ್ಲರೆ ಜನ, ಎರಡು ವಾರ. ಒಂದು ಗುಂಪಿಗೆ 50 ಮಿಲಿಗ್ರಾಂ ಟ್ರಾಜೊಡೋನ್, ಇನ್ನೊಂದಕ್ಕೆ ಜೋಲ್ಪಿಡೆಮ್, ಮೂರನೇದಕ್ಕೆ ಔಷಧವೇ ಇಲ್ಲದ ಸುಳ್ಳು ಮಾತ್ರೆ. ಸುಳ್ಳು ಮಾತ್ರೆ ತಗೊಂಡವರಿಗಿಂತ ಟ್ರಾಜೊಡೋನ್‌ನವರಿಗೆ ನಿದ್ದೆ ಬಂದಿದ್ದು ಸುಮಾರು 10 ನಿಮಿಷ ಬೇಗ, ಸಿಕ್ಕಿದ ಹೆಚ್ಚುವರಿ ನಿದ್ದೆ 20 ನಿಮಿಷದ ಆಸುಪಾಸು. ಎರಡನೇ ವಾರಕ್ಕೆ ಬರೋ ಹೊತ್ತಿಗೆ ಬೇಗ ನಿದ್ದೆ ಬರೋ ಲಾಭವೂ ಕರಗಿಹೋಗಿತ್ತು. ನನ್ನ ‘ಮೊದಲ ವಾರ ಹಬ್ಬ’ ನೆನಪಾಯ್ತು.

ಹಾಗಂತ ಬರೆದುಕೊಟ್ಟ ಡಾಕ್ಟರ್ ತಪ್ಪು ಅಂತ ನಾನು ಹೇಳೋದಿಲ್ಲ. ಆ ‘ಬೇಡ’ ಅನ್ನೋದನ್ನು ಸಂಘದವರೇ ದುರ್ಬಲ ಸಲಹೆ ಅಂತ ಕರೆದಿದ್ದಾರೆ. ರೋಗಿಯನ್ನು ನೋಡಿ ವೈದ್ಯರು ಬೇರೆ ನಿರ್ಧಾರ ತಗೋಬಹುದು ಅಂತ ಅದರ ಅರ್ಥ. ಎರಡು ವಾರಕ್ಕೆ ಅಂತ ಬರೆದದ್ದನ್ನು ನಾಲ್ಕು ತಿಂಗಳು ನುಂಗಿದ್ದು ನಾನು.

ಈ ಕುಟುಂಬದ ಇನ್ನೂ ಮೂವರನ್ನು ಬೇಗ ಪರಿಚಯ ಮಾಡಿಸ್ತೀನಿ. ಡಾಕ್ಸೆಪಿನ್ ಹಳೇ ತಲೆಮಾರಿನದು. ಖಿನ್ನತೆಗೆ 75ರಿಂದ 300 ಮಿಲಿಗ್ರಾಂ ಕೊಡೋ ಔಷಧ, ಬರೀ 3 ಅಥವಾ 6 ಮಿಲಿಗ್ರಾಂಗೆ ಇಳಿಸಿದಾಗ ಹಿಸ್ಟಮಿನ್ ಸ್ವಿಚ್ ಒಂದನ್ನೇ ಮುಟ್ಟುತ್ತೆ ಅಂತ ಕಂಡುಕೊಂಡ್ರು. 2010ರಲ್ಲಿ ಅಮೆರಿಕದ ಎಫ್‌ಡಿಎ ಅದಕ್ಕೆ ನಿದ್ದೆಯ ಹೆಸರಿನಲ್ಲೇ ಒಪ್ಪಿಗೆ ಕೊಟ್ಟಿತು, ಅದೂ ಮಧ್ಯರಾತ್ರಿ ಎಚ್ಚರ ಆಗೋರಿಗೆ. ಮಿರ್ಟಜಪೈನ್ ವಿಚಿತ್ರ, ಡೋಸ್ ಕಡಿಮೆ ಇದ್ದಾಗಲೇ ಮಂಪರು ಜಾಸ್ತಿ. ಹಸಿವೂ ಕೆರಳುತ್ತೆ, ಕೆಲವೇ ವಾರದಲ್ಲಿ ಪ್ಯಾಂಟ್ ಬಿಗಿಯಾಗಬಹುದು. ಊಟವೇ ಸೇರದೆ ಸೊರಗಿದ ಖಿನ್ನತೆಯ ರೋಗಿಗೆ ಅದೇ ವರ ಅನ್ನಿ.

ಅಮಿಟ್ರಿಪ್ಟಿಲಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮಲ್ಲಿ ಮೈಗ್ರೇನ್‌ಗೆ, ನರದ ನೋವಿಗೆ ರಾತ್ರಿ 10 ಮಿಲಿಗ್ರಾಂ ಅಂತ ಇದನ್ನು ಧಾರಾಳವಾಗಿ ಬರೀತಾರೆ. ನೋವಿನಿಂದಲೇ ನಿದ್ದೆ ಕೆಟ್ಟಿದ್ರೆ ಎರಡಕ್ಕೂ ಒಳ್ಳೇದಾಗುತ್ತೆ. ಬರೀ ನಿದ್ದೆಗೆ ಅಂತ ತಗೊಂಡ್ರೆ? ಕಾಕ್ರೇನ್‌ನವರಿಗೆ ಅದರ ಪರವಾಗಿ ಲೆಕ್ಕಕ್ಕೆ ಹಿಡಿಯೋಂಥ ಒಂದು ಪುರಾವೆಯೂ ಸಿಗಲಿಲ್ಲ. ಬಾಯಿ ಒಣಗೋದು, ಮಲಬದ್ಧತೆ, ವಯಸ್ಸಾದವರಿಗೆ ಮೂತ್ರ ಕಟ್ಟೋದು, ಗೊಂದಲ, ಇವೆಲ್ಲ ಇದರ ಜೊತೆಗೇ ಬರ್ತವೆ. ಎಲ್ಲಕ್ಕಿಂತ ಮುಖ್ಯ, ಡೋಸ್ ಮೀರಿದ್ರೆ ಇದು ಹೃದಯದ ಬಡಿತವನ್ನೇ ಕೆಡಿಸುತ್ತೆ, ಜೀವ ತೆಗೆಯೋ ಔಷಧ. ಮನೆಯಲ್ಲಿ ಮಕ್ಕಳಿದ್ರೆ, ಮನಸ್ಸು ಕುಸಿದವರು ಯಾರಾದ್ರೂ ಇದ್ರೆ, ಈ ಸ್ಟ್ರಿಪ್ ಫ್ರಿಡ್ಜ್ ಮೇಲೆ ಬಿದ್ದಿರಬಾರದು.

ಇದನ್ನು ಕೇಳ್ತಿರೋರಲ್ಲಿ ಬಹಳಷ್ಟು ಜನ 25ರ ಒಳಗಿನವರು. ನಿಮಗೊಂದು ವಿಷಯ. ಖಿನ್ನತೆಯ ಮಾತ್ರೆಗಳು ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆಗಳನ್ನು ಹೆಚ್ಚಿಸಬಹುದು ಅಂತ ಎಫ್‌ಡಿಎ 2004ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರ ತನಕ ವಿಸ್ತರಿಸಿತು. ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ ಗಮನ ಇರಬೇಕು. ಈ ಎಚ್ಚರಿಕೆ ಹೆಚ್ಚಾಗಿ ದೊಡ್ಡ ಡೋಸ್‌ನ ಅನುಭವದಿಂದ ಬಂದದ್ದು, ಹಾಗಾಗಿ ಹೆದರಿ ಮಾತ್ರೆ ಬಿಸಾಕಬೇಡಿ. ಆದರೆ ಮನೆಯಲ್ಲಿ ಒಬ್ಬರಿಗಾದ್ರೂ, ಪಿಜಿ ಆದ್ರೆ ರೂಮ್‌ಮೇಟ್‌ಗಾದ್ರೂ, ‘ನಾನು ಇದನ್ನು ತಗೋತಿದ್ದೀನಿ, ನನ್ನ ವರಸೆ ಬದಲಾದ್ರೆ ಹೇಳು’ ಅಂತ ತಿಳಿಸಿಡಿ. ನಾಲ್ಕೈದು ದಿನ ನಿದ್ದೆ ಇಲ್ಲದೆಯೂ ವಿಪರೀತ ಚುರುಕು, ಕೈಗೆ ಸಿಕ್ಕಿದ ಹಾಗೆ ಖರ್ಚು, ತಲೆ ತುಂಬ ಓಡೋ ಯೋಚನೆ, ಇಂಥದ್ದು ಶುರುವಾದ್ರೆ ಅವತ್ತೇ ಡಾಕ್ಟರ್‌ಗೆ ಫೋನ್ ಮಾಡಿ. ಬೈಪೋಲಾರ್ ಇರೋರಿಗೆ ಈ ಮಾತ್ರೆಗಳು ಉನ್ಮಾದದ ಕಡೆಗೆ ತಳ್ಳಬಹುದು. ನನ್ನ ಡಾಕ್ಟರ್ ‘ನಿದ್ದೆಯೇ ಬೇಡ ಅನ್ನೋಷ್ಟು ಉತ್ಸಾಹ’ ಅಂತ ಯಾಕೆ ಕೇಳಿದ್ರು ಅಂತ ಆಗ ಅರ್ಥ ಆಯ್ತು.

ಹುಡುಗರಿಗೆ ಒಂದು ಮಾತು, ನಾಚಿಕೆ ಬಿಟ್ಟು ಹೇಳ್ತೀನಿ, ಯಾಕಂದ್ರೆ ಕ್ಲಿನಿಕ್‌ನಲ್ಲಿ ಇದನ್ನು ಹೇಳೋಕೆ ಹಿಂಜರೀತಾರೆ. ಟ್ರಾಜೊಡೋನ್‌ನಿಂದ ತೀರಾ ಅಪರೂಪಕ್ಕೆ ಶಿಶ್ನ ನಿಮಿರಿದ್ದು ಇಳಿಯದೇ ಹೋಗಬಹುದು. 4 ಗಂಟೆ ಮೀರಿದ್ರೆ ಅದು ತುರ್ತು ಚಿಕಿತ್ಸೆಯ ವಿಷಯ. ಬೆಳಗಾಗಲಿ ನೋಡೋಣ ಅಂತ ಕೂತ್ರೆ ಶಾಶ್ವತ ಹಾನಿ ಆಗಬಹುದು. ಸೀದಾ ಆಸ್ಪತ್ರೆಗೆ ಹೋಗಿ.

ಉಳಿದವು ಗೊತ್ತಿರೋವೇ. ಇದರ ಜೊತೆ ಮದ್ಯ ಬೇಡ. ಬೆಳಗ್ಗೆ ಮಂಪರು ಇಳಿಯೋ ತನಕ ಬೈಕ್ ಮುಟ್ಟಬೇಡಿ. ಬೇರೆ ಖಿನ್ನತೆ ಮಾತ್ರೆ ಅಥವಾ ಟ್ರಾಮಡಾಲ್ ಥರದ ನೋವಿನ ಮಾತ್ರೆ ತಗೋತಿದ್ರೆ ಡಾಕ್ಟರ್‌ಗೆ ಹೇಳಲೇಬೇಕು, ಎಲ್ಲ ಸೇರಿ ಸೆರೊಟೋನಿನ್ ಅತಿಯಾಗಿಬಿಡಬಹುದು. ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿ ಏಳೋರಿಗೆ ಮೊದಲು ಆಗಬೇಕಿರೋದು ನಿದ್ದೆಯ ಪರೀಕ್ಷೆ, ಮಾತ್ರೆ ಅಲ್ಲ.

ನಾನು ಬಿಟ್ಟಿದ್ದು ಹೇಗೆ? ಅಪ್ಪ ಬಿದ್ದ ವಾರ ಪಶ್ಚಾತ್ತಾಪದಲ್ಲಿ ಒಂದೇ ಏಟಿಗೆ ನಿಲ್ಲಿಸಿದೆ. ಅದೂ ತಪ್ಪೇ. ಮೂರು ರಾತ್ರಿ ಚಡಪಡಿಕೆ, ಎದೆ ಢವಢವ, ಮೊದಲಿಗಿಂತ ಕೆಟ್ಟ ನಿದ್ದೆ. ‘ನೋಡು, ಮಾತ್ರೆ ಇಲ್ಲದೆ ನಿನಗೆ ಆಗೋದೇ ಇಲ್ಲ’ ಅಂತ ಮನಸ್ಸು ಹೇಳೋಕೆ ಶುರು ಮಾಡ್ತು. ಕೊನೆಗೂ ಡಾಕ್ಟರ್ ಹತ್ರ ಹೋದೆ. ಅವರು ಮತ್ತೆ ಶುರು ಮಾಡಿಸಿ, ವಾರ ವಾರ ಕಡಿಮೆ ಮಾಡೋ ಲೆಕ್ಕ ಬರೆದುಕೊಟ್ರು. ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಹತ್ರ ಕಳಿಸಿದ್ರು. ನಿದ್ರಾಹೀನತೆಗೆ ಅಂತಲೇ ಇರೋ ಸಿಬಿಟಿ, ಅಂದ್ರೆ ಯೋಚನೆ ಮತ್ತು ಅಭ್ಯಾಸ ತಿದ್ದೋ ಚಿಕಿತ್ಸೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಮಾತ್ರೆ ಅಲ್ಲ, ಇದು ಅಂತ ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿದೆ, ಯುರೋಪಿನ ಮಾರ್ಗಸೂಚಿಯೂ ಹೇಳುತ್ತೆ.

ಹೆಸರು ಕೇಳಿ ಕೂತು ಮಾತಾಡಿಸ್ತಾರೆ ಅಂದ್ಕೊಂಡಿದ್ದೆ. ಮಾತು ಕಡಿಮೆ, ಕವಾಯತು ಜಾಸ್ತಿ. ಎರಡು ವಾರ ನಿದ್ದೆಯ ಡೈರಿ ಬರೆಸಿದ್ರು. ನಾನು ಹಾಸಿಗೆಯಲ್ಲಿ ಇರ್ತಿದ್ದಿದ್ದು ಎಂಟೂವರೆ ಗಂಟೆ, ನಿದ್ದೆ ಮಾಡ್ತಿದ್ದಿದ್ದು ಐದೂವರೆ. ‘ಸರಿ, ಹಾಗಾದ್ರೆ ಇನ್ಮೇಲೆ ಹಾಸಿಗೆಯಲ್ಲಿ ಐದೂವರೆ ಗಂಟೆ ಮಾತ್ರ. ರಾತ್ರಿ ಹನ್ನೆರಡೂವರೆಯಿಂದ ಬೆಳಗ್ಗೆ ಆರು’ ಅಂದ್ರು. ನಿದ್ದೆ ಇಲ್ಲ ಅಂತ ಹೋದವಳಿಗೆ ಇನ್ನೂ ತಡವಾಗಿ ಮಲಗು ಅಂತಾರಲ್ಲ ಅಂತ ಸಿಟ್ಟು ಬಂತು. 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಉಪಾಯ ಇದು. ಹರಡಿ ತೆಳ್ಳಗಾದ ನಿದ್ದೆಯನ್ನು ಒತ್ತಿ ಗಟ್ಟಿ ಮಾಡೋದು. ಹಾಸಿಗೆಯಲ್ಲಿ ಕಳೆದ ಸಮಯದಲ್ಲಿ ನೂರಕ್ಕೆ 85 ಭಾಗ ನಿದ್ದೆಯೇ ಆದಾಗ ಹದಿನೈದು ನಿಮಿಷ ಜಾಸ್ತಿ ಕೊಡ್ತಾರೆ. ಬೈಪೋಲಾರ್ ಅಥವಾ ಮೂರ್ಛೆರೋಗ ಇರೋರು, ಗಾಡಿ ಓಡಿಸೋದೇ ಕೆಲಸ ಆಗಿರೋರು ಇದನ್ನು ತಾವಾಗೇ ಮಾಡ್ಕೋಬಾರದು, ನಿದ್ದೆ ಕಡಿತ ಅವರಿಗೆ ಅಪಾಯ.

ಇನ್ನೊಂದು ನಿಯಮ, ಹಾಸಿಗೆ ನಿದ್ದೆಗೆ ಮಾತ್ರ. ಇಪ್ಪತ್ತು ನಿಮಿಷದಷ್ಟು ಹೊತ್ತು ನಿದ್ದೆ ಬಾರದಿದ್ರೆ ಎದ್ದು ಬೇರೆ ಕಡೆ ಹೋಗು, ಕಣ್ಣು ಎಳೆದಾಗ ವಾಪಸ್ ಬಾ. ಬೇರೆ ಕಡೆ ಅಂದ್ರೆ ಎಲ್ಲಿಗೆ? ನಾನಿದ್ದಿದ್ದು ಪಿಜಿ ರೂಮಿನಲ್ಲಿ. ಮಂಚವೇ ಸೋಫಾ, ಮಂಚವೇ ಆಫೀಸು, ಮಂಚವೇ ಊಟದ ಟೇಬಲ್. ಕೊನೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕಿಟಕಿ ಪಕ್ಕ ಹಾಕಿದೆ. ಅದೇ ನನ್ನ ‘ಬೇರೆ ಕಡೆ’. ರಾತ್ರಿ ಒಂದೂವರೆಗೆ ಆ ಕುರ್ಚಿಯಲ್ಲಿ ಕೂತು ತೂಕಡಿಸೋಳನ್ನು ನೋಡಿ ರೂಮ್‌ಮೇಟ್ ಹೆದರಿದ್ದಳು. ಮೊದಲ ಹತ್ತು ದಿನ ನರಕ. ಮೂರನೇ ವಾರಕ್ಕೆ ಹನ್ನೆರಡೂವರೆ ಯಾವಾಗ ಆಗುತ್ತೋ ಅಂತ ಕಾಯೋ ಹಾಗಾಯ್ತು. ಏಳು ವಾರಕ್ಕೆ ಮಾತ್ರೆ ಪೂರ್ತಿ ನಿಂತಿತು. ಈಗಲೂ ಕೆಟ್ಟ ರಾತ್ರಿಗಳು ಬರ್ತವೆ, ಕುರ್ಚಿ ಅಲ್ಲೇ ಇದೆ.

ಇಂಥ ಚಿಕಿತ್ಸಕರು ಎಲ್ಲ ಊರಿನಲ್ಲೂ ಸಿಗೋದಿಲ್ಲ, ಸಿಕ್ಕಿದ ಕಡೆ ಫೀಸು ಕಡಿಮೆ ಇಲ್ಲ. ಮಾತ್ರೆ ಗೆಲ್ಲೋದು ಇಲ್ಲೇ ನೋಡಿ. ಸ್ಟ್ರಿಪ್ ಬೀದಿಯ ಕೊನೆಯಲ್ಲೇ ಸಿಗುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ತೊಂದರೆಗೆ ಚಿಕಿತ್ಸೆ ಇದೆ. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಬದುಕೋದೇ ಬೇಡ ಅನ್ನಿಸ್ತಿದ್ರಂತೂ ಈ ಸಂಚಿಕೆ ನಿಲ್ಲಿಸಿ ಈಗಲೇ ಮಾಡಿ.

ಅಪ್ಪನ ವಿಷಯ ಬಾಕಿ ಇದೆ ಅಲ್ವಾ. ಹೊಲಿಗೆ ಬಿಚ್ಚಿಸೋಕೆ ಹೋದಾಗ ಅಲ್ಲಿನ ಹಿರಿಯ ಡಾಕ್ಟರ್ ಅವರ ಮಾತ್ರೆಗಳನ್ನೆಲ್ಲ ಟೇಬಲ್ ಮೇಲೆ ಸುರಿಸಿ ನೋಡಿದ್ರು. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸೋ ಔಷಧವೂ ಸೇರಿತ್ತು. ಬೆಳಗ್ಗೆ ತಗೊಳ್ಳಿ ಅಂತ ಚೀಟಿಯಲ್ಲಿ ಇದ್ದದ್ದನ್ನು ಅಪ್ಪ ಮರೆತುಹೋಗುತ್ತೆ ಅಂತ ರಾತ್ರಿ ಊಟದ ಜೊತೆ ತಗೋತಿದ್ರು, ವರ್ಷಗಳಿಂದ. ಅವರಿಗೆ ನಿದ್ದೆಯ ಕಾಯಿಲೆ ಇರಲೇ ಇಲ್ಲ, ಮೂತ್ರಕ್ಕೆ ಎಚ್ಚರ ಆಗ್ತಿತ್ತು. ಮಾತ್ರೆ ಬೆಳಗಿಗೆ ಬಂತು, ಸಂಜೆ ಆರರ ನಂತರದ ಕಾಫಿ ನಿಂತಿತು. ಈಗ ರಾತ್ರಿ ಒಂದು ಸಲ ಏಳ್ತಾರೆ. ಎದ್ದ ತಕ್ಷಣ ನಡೆಯೋದಿಲ್ಲ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಲೈಟ್ ಹಾಕಿ, ಆಮೇಲೆ ಹೋಗ್ತಾರೆ.

ಹುಬ್ಬಿನ ಮೇಲೆ ಗುರುತು ಉಳಿದಿದೆ. ಯಾರಾದ್ರೂ ಕೇಳಿದ್ರೆ ‘ಮಗಳು ಯುಗಾದಿಗೆ ಕೊಟ್ಟಿದ್ದು’ ಅಂತಾರೆ.